ಹಸಿವನ್ನು ಮಲಗಿಸುವ ಸೂಜಿ

ಮದುವೆಗೆ ಇನ್ನು ಹದಿನೆಂಟು ದಿನ ಇತ್ತು. ದಾವಣಗೆರೆಯ ಅಕ್ಕನ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಮದುಮಗಳು, ಅಂದರೆ ಅಕ್ಕನ ಮಗಳು, ತಟ್ಟೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದಳು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. "ಯಾಕೆ ಪುಟ್ಟಾ?" ಎಂದು ಕೇಳಿದೆ. "ಒಗ್ಗರಣೆ ವಾಸನೆ ಬಂದ್ರೂ ಹೊಟ್ಟೆ ತೊಳಸುತ್ತೆ ಚಿಕ್ಕಮ್ಮ" ಎಂದಳು. ಮದುವೆಯ ಓಡಾಟ, ನಿದ್ದೆಗೆಟ್ಟಿದ್ದಾಳೆ ಎಂದುಕೊಂಡೆವು. ಮೂರನೇ ದಿನಕ್ಕೆ ನೀರು ಕುಡಿದರೂ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರು "ಬೇರೆ ಏನಾದರೂ ಮಾತ್ರೆ, ಇಂಜೆಕ್ಷನ್ ತಗೊಳ್ತಾ ಇದ್ದೀರಾ?" ಎಂದು ಮೂರನೇ ಸಲ ಕೇಳಿದಾಗ ನಿಜ ಹೊರಬಿತ್ತು.

ಫ್ರಿಜ್ಜಿನ ತರಕಾರಿ ಡಬ್ಬಿಯ ಹಿಂದೆ, ಕರವಸ್ತ್ರದಲ್ಲಿ ಸುತ್ತಿಟ್ಟ ಒಂದು ಪೆನ್ನು ಇತ್ತು. ತೂಕ ಇಳಿಸುವ ಇಂಜೆಕ್ಷನ್. ಜಿಮ್ಮಿನಲ್ಲಿ ಪರಿಚಯವಾದವರೊಬ್ಬರು ತರಿಸಿಕೊಟ್ಟಿದ್ದರು. ಮೊದಲ ವಾರ ಏನೂ ಆಗಲಿಲ್ಲವೆಂದು ಎರಡನೇ ವಾರವೇ ಅವಳು ಡೋಸ್ ಏರಿಸಿಕೊಂಡಿದ್ದಳು. ಅವಳ ಎತ್ತರ ಐದು ಅಡಿ ಮೂರು ಇಂಚು, ತೂಕ 61 ಕಿಲೋ. ಬ್ಲೌಸ್ ಅಳತೆ ಕೊಡುವಾಗ ಯಾರೋ ಆಡಿದ ಒಂದು ಮಾತು ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಈಗ ಅವಳು ಆರಾಮಾಗಿದ್ದಾಳೆ. ಆದರೆ ಆ ಎರಡು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳಿಗೆ ಒಂದು ವಿಷಯ ಬಲವಾಗಿ ನಾಟಿತು. ಈ ಔಷಧದ ಬಗ್ಗೆ ನಮ್ಮ ಮನೆಗಳಲ್ಲಿ ಎರಡೇ ಬಗೆಯ ಮಾತು ಇದೆ: ಒಂದೋ ಅದು ಸಂಜೀವಿನಿ, ಇಲ್ಲವೇ ವಿಷ. ಅದು ಎರಡೂ ಅಲ್ಲ. ಒಳ್ಳೆಯ ಔಷಧ, ಬೇಕಾದವರಿಗೆ ಜೀವ ಉಳಿಸಬಲ್ಲದು. ಆದರೆ ಅದರ ಸುರಕ್ಷತೆ ಆ ಪೆನ್ನಿನೊಳಗಿನ ದ್ರವದಲ್ಲಿ ಮಾತ್ರ ಇಲ್ಲ. ಕೊಡುವ ಮೊದಲು ಯಾರು ಏನು ಕೇಳಿದರು, ಎಷ್ಟು ನಿಧಾನಕ್ಕೆ ಏರಿಸಿದರು, ತಿಂಗಳ ಮೇಲೆ ಯಾರು ನೋಡಿದರು ಎಂಬುದರಲ್ಲಿ ಅದರ ಅರ್ಧ ಸುರಕ್ಷತೆ ಇದೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಔಷಧ ಮಾತ್ರ, ಉಳಿದರ್ಧ ಸಿಕ್ಕಿರಲಿಲ್ಲ.

ಈ ಔಷಧಗಳು ಮೂಲದಲ್ಲಿ ಸಕ್ಕರೆ ಕಾಯಿಲೆಗೆ ಹುಟ್ಟಿದವು. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸುರಿಸುತ್ತದೆ. ಅದು ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಬಿಡು ಎನ್ನುತ್ತದೆ, ಜಠರಕ್ಕೆ ನಿಧಾನಿಸು ಎನ್ನುತ್ತದೆ, ಮಿದುಳಿಗೆ ಸಾಕು ಎನ್ನುತ್ತದೆ. ಕಷ್ಟವೆಂದರೆ ಈ ಹಾರ್ಮೋನು ರಕ್ತದಲ್ಲಿ ಉಳಿಯುವುದು ಒಂದೆರಡು ನಿಮಿಷ ಮಾತ್ರ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ವೈದ್ಯ ವಿಜ್ಞಾನಿ ಜಾನ್ ಎಂಗ್, ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ ಇದನ್ನೇ ಹೋಲುವ, ಆದರೆ ಬೇಗ ಕರಗದ ವಸ್ತುವೊಂದನ್ನು ಕಂಡುಹಿಡಿದರು. ಅದರಿಂದ ಬಂದ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಬಳಿಕ ದಿನಕ್ಕೊಂದು ಸಲ ಚುಚ್ಚುವ ಲಿರಾಗ್ಲುಟೈಡ್, ವಾರಕ್ಕೊಂದು ಸಲದ ಸೆಮಾಗ್ಲುಟೈಡ್ ಬಂದವು. ಜಿಎಲ್‌ಪಿ-1ರ ಜೊತೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುವ ಟಿರ್ಜೆಪಟೈಡ್ ಅವುಗಳ ಹಿಂದೆಯೇ ಬಂತು.

ಅಂಗಡಿಯಲ್ಲಿ ಇವುಗಳ ಹೆಸರು ಬೇರೆ. ಒಜೆಂಪಿಕ್, ವೆಗೋವಿ ಎರಡರಲ್ಲೂ ಇರುವುದು ಸೆಮಾಗ್ಲುಟೈಡ್. ಮೌಂಜಾರೊದಲ್ಲಿ ಇರುವುದು ಟಿರ್ಜೆಪಟೈಡ್. ಮೌಂಜಾರೊ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು, ಆಗ 2.5 ಮಿಲಿಗ್ರಾಂನ ಒಂದು ಬಾಟಲಿಗೆ 3,500 ರೂಪಾಯಿ, ತಿಂಗಳಿಗೆ ನಾಲ್ಕು ಬೇಕು. ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಬಂತು. ಸೆಮಾಗ್ಲುಟೈಡ್ ಪೇಟೆಂಟಿನ ಆಯುಷ್ಯ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ. ಪೇಟೆಂಟ್ ಕಳಚಿದ ಔಷಧ ಅಗ್ಗವಾಗುವುದು, ಹಲವು ಕಂಪನಿಗಳ ಕೈಗೆ ಬರುವುದು ಸಹಜ. ನಮ್ಮ ಬೆಂಗಳೂರಿನ ಬಯೋಕಾನ್ 2024ರಲ್ಲೇ ತನ್ನ ಲಿರಾಗ್ಲುಟೈಡ್‌ಗೆ ಬ್ರಿಟನ್ನಿನ ಅನುಮತಿ ಪಡೆದಿದೆ. ಅಗ್ಗವಾಗುವುದು ಒಳ್ಳೆಯದೇ. ಆದರೆ ದುಬಾರಿ ಬೆಲೆಯೇ ಇಷ್ಟು ದಿನ ಕಾವಲುಗಾರನ ಕೆಲಸವನ್ನೂ ಮಾಡುತ್ತಿತ್ತು. ಆ ಕಾವಲು ಸರಿದ ಮೇಲೆ ತಿಳಿವಳಿಕೆಯೇ ಕಾಯಬೇಕು.

ಯಾರಿಗೆ ಈ ಔಷಧ? ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 30 ಅಥವಾ ಹೆಚ್ಚು ಇರುವವರಿಗೆ; 27 ದಾಟಿದ್ದು ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವಂಥ ತೊಂದರೆ ಇರುವವರಿಗೆ. ನಮ್ಮ ಹುಡುಗಿಯ ಬಿಎಂಐ 24ರ ಒಳಗಿತ್ತು. ಭಾರತೀಯರ ಮೈಯಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ಹಾಗಾಗಿ ನಮ್ಮಲ್ಲಿ 23ರಿಂದಲೇ ಎಚ್ಚರ ಬೇಕು ಎನ್ನುತ್ತಾರೆ ವೈದ್ಯರು. ಆ ಎಚ್ಚರ ಎಂದರೆ ನಡಿಗೆ, ಊಟ, ರಕ್ತಪರೀಕ್ಷೆ. ಸೂಜಿಯಲ್ಲ.

ಬೊಜ್ಜು ಸೋಮಾರಿತನದ ಫಲ, ಬಾಯಿ ಕಟ್ಟಿದರೆ ಸಾಕು ಎನ್ನುವವರಿಗೂ ಒಂದು ಮಾತು ಹೇಳಬೇಕು. ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, 25 ಕೋಟಿಗೂ ಹೆಚ್ಚು ಜನರಿಗೆ ಬೊಜ್ಜು ಇದೆ. ಇಷ್ಟು ಜನ ಒಟ್ಟಿಗೆ ಸೋಮಾರಿಗಳಾಗಲಿಲ್ಲ. ಹೃದ್ರೋಗ ಇದ್ದು ತೂಕವೂ ಹೆಚ್ಚಿದ್ದ, ಆದರೆ ಸಕ್ಕರೆ ಕಾಯಿಲೆ ಇಲ್ಲದ 17,604 ಜನರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನದಲ್ಲಿ (2023) ಸೆಮಾಗ್ಲುಟೈಡ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ ಶೇ 20ರಷ್ಟು ಕಡಿಮೆಯಾದವು. ಮೊಣಕಾಲು ಸವೆದು, ರಕ್ತದೊತ್ತಡ ಏರಿ, ಹತ್ತು ಸಲ ಪಥ್ಯ ಮಾಡಿ ಸೋತವರು ಡಾಕ್ಟರರ ಸಲಹೆಯಂತೆ ಈ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಹೆದರಿಸುವ ಹಕ್ಕು ನಮಗಿಲ್ಲ.

ಇನ್ನು ಅಡ್ಡಪರಿಣಾಮಗಳ ವಿಷಯ. ಸೆಮಾಗ್ಲುಟೈಡ್‌ನ ಮುಖ್ಯ ಪ್ರಯೋಗವಾದ ಸ್ಟೆಪ್-1ರಲ್ಲಿ (2021) 1,961 ಜನರಿದ್ದರು. 68 ವಾರಗಳಲ್ಲಿ ಔಷಧ ಪಡೆದವರ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು, ಬರೀ ನೀರಿನಂಥ ಚುಚ್ಚುಮದ್ದು ಪಡೆದವರದ್ದು ಶೇ 2.4. ಅದೇ ಪ್ರಯೋಗದಲ್ಲಿ ಔಷಧ ಪಡೆದ ನೂರಕ್ಕೆ 44 ಮಂದಿಗೆ ವಾಕರಿಕೆ, 31 ಮಂದಿಗೆ ಭೇದಿ, ಸುಮಾರು 25 ಮಂದಿಗೆ ವಾಂತಿ, 23 ಮಂದಿಗೆ ಮಲಬದ್ಧತೆ ಕಾಡಿತು. ಆದರೆ ಹೊಟ್ಟೆಯ ತೊಂದರೆಯಿಂದಲೇ ಔಷಧ ಬಿಟ್ಟವರು ನೂರಕ್ಕೆ ಐದು ಮಂದಿಯೂ ಇಲ್ಲ. ತೊಂದರೆ ಬಹುಮಂದಿಗೆ ಬಂತು, ಬಹುಮಂದಿಗೆ ಹೋಯಿತು.

ಹೋಗಿದ್ದು ತಾನಾಗಿ ಅಲ್ಲ. ಪ್ರಯೋಗದಲ್ಲಿ 0.25 ಮಿಲಿಗ್ರಾಂನಿಂದ ಶುರುಮಾಡಿ, ನಾಲ್ಕು ನಾಲ್ಕು ವಾರಕ್ಕೆ ಒಂದು ಮೆಟ್ಟಿಲು ಏರಿಸಿ, ಪೂರ್ಣ ಡೋಸ್ 2.4 ಮಿಲಿಗ್ರಾಂ ಮುಟ್ಟಲು 16 ವಾರ ತೆಗೆದುಕೊಂಡಿದ್ದರು. ಮೊದಲ ತಿಂಗಳ ಡೋಸ್ ತೂಕ ಇಳಿಸುವುದಕ್ಕಲ್ಲ. ಜಠರ, ಮಿದುಳು ಹೊಸ ಅಪ್ಪಣೆಗೆ ಒಗ್ಗಿಕೊಳ್ಳಲಿ ಎಂದು. "ಏನೂ ಆಗ್ತಿಲ್ಲ" ಎಂದು ಏರಿಸುವವರು ಎಡವುವುದು ಇಲ್ಲೇ. ಒಂದು ಮಾತ್ರೆ ಒಗ್ಗದಿದ್ದರೆ ನಾಳೆ ನಿಲ್ಲಿಸಿದರೆ ನಾಡಿದ್ದು ಸರಿಹೋಗಬಹುದು. ಸೆಮಾಗ್ಲುಟೈಡ್ ಹಾಗಲ್ಲ. ಒಂದು ವಾರ ಕಳೆದರೂ ಅದರ ಅರ್ಧ ಭಾಗ ಮೈಯಲ್ಲೇ ಇರುತ್ತದೆ. ಪೂರ್ತಿ ಹೋಗಲು ಐದು ವಾರ ಬೇಕು. ಚುಚ್ಚಿಕೊಂಡ ಮೇಲೆ ಹಿಂದಕ್ಕೆ ತೆಗೆಯುವ ದಾರಿ ಇಲ್ಲ. ವಾಂತಿಗೆ ಮದ್ದು ಕೊಟ್ಟು, ನೀರು ಉಪ್ಪು ತುಂಬಿಸಿ, ಕಾಯಬೇಕು. ನಾವು ಹಾಗೇ ಕಾದೆವು.

ವಾಂತಿ ಭೇದಿ ಸಣ್ಣ ವಿಷಯ ಎನ್ನಬೇಡಿ. ಮೈಯ ನೀರು ಬತ್ತಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ದಿನವಿಡೀ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಆಸ್ಪತ್ರೆಗೆ ಹೋಗಲೇಬೇಕು. ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಇರಿಯುವ, ಬಿಡದ ನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಅಪರೂಪ, ಆದರೆ ಪ್ರಾಣಕ್ಕೆ ಬರುವಂಥದ್ದು. ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ರಾತ್ರಿ ಕಳೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಇದೆ. ಈ ಇಂಜೆಕ್ಷನ್ ತೆಗೆದುಕೊಳ್ಳುವವರು ಆ ಅಭ್ಯಾಸ ಬಿಡಬೇಕು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು. ಸ್ಟೆಪ್-1ರಲ್ಲಿ ಪಿತ್ತಕೋಶದ ತೊಂದರೆ ಔಷಧ ಪಡೆದವರಲ್ಲಿ ಶೇ 2.6, ಪಡೆಯದವರಲ್ಲಿ ಶೇ 1.2. ಬಲ ಪಕ್ಕೆಯ ಕೆಳಗೆ ನೋವು, ಜ್ವರ, ಕಣ್ಣು ಹಳದಿಯಾಗುವುದು ಅದರ ಗುರುತು.

ಕಣ್ಣಿನ ವಿಷಯ ಬೇರೆಯಾಗಿಯೇ ಹೇಳಬೇಕು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಸುರಕ್ಷತಾ ಸಮಿತಿ 2025ರ ಜೂನ್‌ನಲ್ಲಿ, ಕಣ್ಣಿನ ನರಕ್ಕೆ ರಕ್ತ ಹರಿಯುವುದು ನಿಂತು ದೃಷ್ಟಿ ಕುಂದುವ ನಾಯಾನ್ ಎಂಬ ತೊಂದರೆಯನ್ನು ಸೆಮಾಗ್ಲುಟೈಡ್‌ನ ಅತಿ ಅಪರೂಪದ ಅಡ್ಡಪರಿಣಾಮವೆಂದು ಒಪ್ಪಿಕೊಂಡಿತು. ಹತ್ತು ಸಾವಿರ ಮಂದಿಯಲ್ಲಿ ಒಬ್ಬರಿಗೆ ಬರಬಹುದಾದಷ್ಟು ವಿರಳ. ನೋವಿಲ್ಲದೆ, ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾದರೆ ಕಾಯುವ ಹಾಗಿಲ್ಲ. ಹಳೆಯ ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಎಚ್ಚರ: ಕಣ್ಣಿನ ಅಕ್ಷಿಪಟ ಮೊದಲೇ ಹಾಳಾಗಿದ್ದು, ಸಕ್ಕರೆ ಒಮ್ಮೆಗೇ ಇಳಿದರೆ ಅದು ಹೆಚ್ಚಬಹುದು. 2016ರ ಸಸ್ಟೇನ್-6 ಅಧ್ಯಯನದಲ್ಲಿ ಅಂಥ ತೊಡಕು ಔಷಧ ಪಡೆದವರಲ್ಲಿ ಶೇ 3, ಉಳಿದವರಲ್ಲಿ ಶೇ 1.8 ಕಂಡಿತ್ತು. ಇಂಜೆಕ್ಷನ್ ಶುರುಮಾಡುವ ಮೊದಲು ಕಣ್ಣಿನ ಡಾಕ್ಟರರ ಹತ್ತಿರ ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು ಬೇಕು?

ಥೈರಾಯ್ಡ್ ಕ್ಯಾನ್ಸರ್ ಬರುತ್ತದಂತೆ ಎಂಬ ಮಾತು ಬಹಳ ಓಡಾಡುತ್ತದೆ. ಇಲಿಗಳಲ್ಲಿ ಥೈರಾಯ್ಡ್‌ನ ಒಂದು ಬಗೆಯ ಗೆಡ್ಡೆ ಕಂಡದ್ದು ನಿಜ. ಹಾಗಾಗಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ತಮಗೆ ಅಥವಾ ರಕ್ತಸಂಬಂಧಿಗಳಿಗೆ ಬಂದಿದ್ದರೆ ಈ ಔಷಧ ಬೇಡ ಎಂಬ ಎಚ್ಚರಿಕೆ ಅಮೆರಿಕದಲ್ಲಿ ಡಬ್ಬಿಯ ಜೊತೆಯ ಹಾಳೆಯಲ್ಲಿ ಮೊದಲಿಗೇ ಇರುತ್ತದೆ. ಮನುಷ್ಯರಲ್ಲಿ ಇಂಥ ಸಂಬಂಧಕ್ಕೆ ಪುರಾವೆ ಇಲ್ಲವೆಂದು ಯುರೋಪಿನ ಅದೇ ಸಮಿತಿ 2023ರಲ್ಲಿ ಹೇಳಿತು. ಎಲ್ಲರೂ ಹೆದರಬೇಕಿಲ್ಲ, ಆದರೆ ಮನೆತನದ ಕಾಯಿಲೆಗಳ ಪ್ರಶ್ನೆಯನ್ನು ಎಲ್ಲರಿಗೂ ಕೇಳಲೇಬೇಕು. ಜಿಮ್ಮಿನ ಪರಿಚಯಸ್ಥರು ನಮ್ಮ ಹುಡುಗಿಗೆ ಕೇಳಿರಲಿಲ್ಲ.

ಅವರು ಕೇಳದಿದ್ದ ಇನ್ನೂ ಒಂದು ಪ್ರಶ್ನೆ, ಮದುವೆಯಾಗುವ ಹುಡುಗಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಗರ್ಭದ್ದು. ಗರ್ಭ ನಿಲ್ಲಬೇಕೆಂದು ಬಯಸುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಇನ್ನು ಗರ್ಭ ಬೇಡವೆಂದು ಮಾತ್ರೆ ನುಂಗುತ್ತಿರುವವರಿಗೆ ಟಿರ್ಜೆಪಟೈಡ್‌ನಿಂದ ಬೇರೆ ತೊಡಕು ಇದೆ. ಜಠರ ನಿಧಾನವಾದಾಗ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಶುರುಮಾಡಿದ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ನಾಲ್ಕು ವಾರ, ಕಾಂಡೋಮ್‌ನಂಥ ಇನ್ನೊಂದು ರಕ್ಷಣೆ ಬೇಕು. ತೂಕ ಇಳಿದಂತೆ ಕೆಲವರಲ್ಲಿ ನಿಂತುಹೋದ ಮುಟ್ಟು ಮರಳಿ, ಎಣಿಸದ ಬಸಿರು ನಿಲ್ಲುವುದೂ ಇದೆ. ಈ ಮಾತನ್ನು ಅಮ್ಮಂದಿರು, ಚಿಕ್ಕಮ್ಮಂದಿರು ನಾಚಿಕೆ ಬಿಟ್ಟು ಹೇಳಬೇಕು.

ಜಠರ ನಿಧಾನವಾಗುವುದರಿಂದ ಆಪರೇಷನ್ ಟೇಬಲ್ಲಿನ ಮೇಲೂ ಅಪಾಯ ಇದೆ. ರಾತ್ರಿಯಿಂದ ಉಪವಾಸ ಇದ್ದರೂ ಹೊಟ್ಟೆಯಲ್ಲಿ ಅನ್ನ ಉಳಿದಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅಮೆರಿಕದ ಔಷಧ ನಿಯಂತ್ರಕರು 2024ರಲ್ಲಿ ಈ ಎಚ್ಚರಿಕೆಯನ್ನು ಔಷಧದ ಹಾಳೆಗೇ ಸೇರಿಸಿದರು. ಎಂಡೋಸ್ಕೋಪಿ ಇರಲಿ, ಹಲ್ಲಿನ ಆಪರೇಷನ್ ಇರಲಿ, ಅರಿವಳಿಕೆಯ ಡಾಕ್ಟರರಿಗೆ "ನಾನು ಈ ಇಂಜೆಕ್ಷನ್ ತಗೊಳ್ತೀನಿ, ಕೊನೇದು ಇಂಥ ದಿನ ತಗೊಂಡೆ" ಎಂದು ಹೇಳಿ. ಫ್ರಿಜ್ಜಿನ ಹಿಂದೆ ಬಚ್ಚಿಟ್ಟವರು ಇದನ್ನು ಹೇಳುವುದಿಲ್ಲ. ಗುಟ್ಟು ಔಷಧಕ್ಕಿಂತ ಅಪಾಯಕಾರಿ.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಅದರ ಮೇಲೆ ಈ ಇಂಜೆಕ್ಷನ್ ಸೇರಿದರೆ, ಹಳೆಯ ಮಾತ್ರೆಯ ಡೋಸ್ ಇಳಿಸದಿದ್ದರೆ, ಸಕ್ಕರೆ ಏಕಾಏಕಿ ಕುಸಿಯಬಹುದು. ಅದರ ಮೇಲೆ ಏಕಾದಶಿ, ಸಂಕಷ್ಟಿ, ರಂಜಾನ್‌ನ ಉಪವಾಸವೂ ಬಂದರೆ? ಹಬ್ಬದ ಮೊದಲೇ ಡಾಕ್ಟರರನ್ನು ಕೇಳಿಕೊಳ್ಳಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಯಾರೂ ಅಡ್ಡಪರಿಣಾಮವೆಂದು ಲೆಕ್ಕ ಹಿಡಿಯದ ಒಂದು ಸಂಗತಿ. ತಕ್ಕಡಿಯಲ್ಲಿ ಇಳಿಯುವ ತೂಕವೆಲ್ಲ ಕೊಬ್ಬಲ್ಲ. ಸ್ಟೆಪ್-1ರಲ್ಲಿ ಕೆಲವರ ಮೈಯನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಕಳೆದುಕೊಂಡ ತೂಕದಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಕೊಬ್ಬಲ್ಲದ ಭಾಗ, ಅಂದರೆ ಬಹುಪಾಲು ಮಾಂಸಖಂಡ ಮತ್ತು ನೀರು. ಪಥ್ಯದಿಂದ ಇಳಿಸಿದರೂ ಸ್ವಲ್ಪ ಹೀಗೇ ಆಗುತ್ತದೆ. ಆದರೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ದಶಕಗಳಿಂದ ತೋರಿಸುತ್ತ ಬಂದ ಹಾಗೆ, ಭಾರತೀಯರ ಮೈ ಹುಟ್ಟುವಾಗಲೇ ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು ಇರುವ ಮೈ. ಇಂಥ ಮೈಯಿಂದ ಮಾಂಸಖಂಡ ಕರಗಿಸುವುದು ಬಡವನ ಉಳಿತಾಯಕ್ಕೆ ಕೈಹಾಕಿದಂತೆ. ಅರವತ್ತು ದಾಟಿದವರಿಗೆ ಅದು ಬೀಳುವ ಭಯ, ಮೂಳೆ ಮುರಿಯುವ ಭಯ. ಹಸಿವೇ ಇಲ್ಲದಾಗ ನಾವು ಮೊದಲು ಬಿಡುವುದು ಸಾರಿನೊಳಗಿನ ಬೇಳೆಯನ್ನು. ಎರಡು ತುತ್ತು ಅನ್ನ, ಮಜ್ಜಿಗೆ ಉಂಡು ಏಳುತ್ತೇವೆ. ಆಗಬೇಕಾದದ್ದು ತಿರುಗುಮುರುಗು. ಮೊದಲ ನಾಲ್ಕು ತುತ್ತು ಕಾಳು, ಮೊಟ್ಟೆ, ಮೀನು, ಪನೀರು, ಗಟ್ಟಿ ಮೊಸರು ಆಗಿರಬೇಕು. ಜಾಗ ಉಳಿದರೆ ಮುದ್ದೆಯೋ ರೊಟ್ಟಿಯೋ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕು. ನೀರು ತುಂಬಿದ ಬಾಟಲಿಯಾದರೂ ಸರಿ.

ನಿಲ್ಲಿಸಿದ ಮೇಲೆ ಏನು? ಸ್ಟೆಪ್-1ರಲ್ಲಿ ಔಷಧ ನಿಲ್ಲಿಸಿದವರನ್ನು ಒಂದು ವರ್ಷ ಬಿಟ್ಟು ನೋಡಿದರು. ಇಳಿದಿದ್ದ ತೂಕದ ಮೂರನೇ ಎರಡು ಭಾಗ ಮರಳಿತ್ತು. ಇದು ಔಷಧದ ಸೋಲೂ ಅಲ್ಲ, ರೋಗಿಯದೂ ಅಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟರೆ ಒತ್ತಡ ಏರುವ ಹಾಗೆ, ಬೊಜ್ಜು ಬಹುಕಾಲದ ಕಾಯಿಲೆ. ಆದರೆ ಮದುವೆಗೆಂದು ಮೂರು ತಿಂಗಳು ಚುಚ್ಚಿಕೊಳ್ಳುವವರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. ಹೋದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಮರಳುವಾಗ ಬರುವುದು ಹೆಚ್ಚಾಗಿ ಕೊಬ್ಬೇ. ತಿಂಗಳಿಗೆ ಎಷ್ಟು ಎಂದು ಕೇಳುವ ಮೊದಲು ಎಷ್ಟು ವರ್ಷ ಎಂದು ಕೇಳಿಕೊಳ್ಳಬೇಕು.

ತೂಕ ಇಳಿಸುವ ಔಷಧಗಳ ಚರಿತ್ರೆ ನೋಡಿದರೆ ವೈದ್ಯರು ಹಿಂದೆಮುಂದೆ ನೋಡುವುದೇಕೆ ಎಂಬುದು ಅರ್ಥವಾಗುತ್ತದೆ. ಅಮೆರಿಕದಲ್ಲಿ ಮನೆಮಾತಾಗಿದ್ದ ಫೆನ್-ಫೆನ್ ಜೋಡಿಯ ಫೆನ್‌ಫ್ಲೂರಮಿನ್ ಹೃದಯದ ಕವಾಟ ಕೆಡಿಸುತ್ತದೆಂದು 1997ರಲ್ಲಿ ವಾಪಸಾಯಿತು. ಖಿನ್ನತೆ, ಆತ್ಮಹತ್ಯೆಯ ಯೋಚನೆ ತರುತ್ತದೆಂದು ರಿಮೊನಬ್ಯಾಂಟ್ 2008ರಲ್ಲಿ ಯುರೋಪಿನಿಂದ ಹೋಯಿತು. ಹೃದಯಾಘಾತದ ಭಯದಿಂದ ಸಿಬುಟ್ರಮಿನ್ 2010ರಲ್ಲಿ ಯುರೋಪ್, ಅಮೆರಿಕ ಬಿಟ್ಟಿತು, 2011ರಲ್ಲಿ ಭಾರತವೂ ನಿಷೇಧಿಸಿತು. ಇವುಗಳಿಗೆ ಹೋಲಿಸಿದರೆ ಈ ಇಂಜೆಕ್ಷನ್‌ಗಳ ಬೆನ್ನಿಗೆ ಸಕ್ಕರೆ ಕಾಯಿಲೆಯವರ 20 ವರ್ಷಗಳ ಅನುಭವ ಇದೆ. ಆತ್ಮಹತ್ಯೆಯ ಯೋಚನೆಯ ಅನುಮಾನವನ್ನು ಅಮೆರಿಕ, ಯುರೋಪ್ ಎರಡೂ ಕಡೆ 2024ರಲ್ಲಿ ಪರಿಶೀಲಿಸಿ, ಸಂಬಂಧ ಕಾಣಲಿಲ್ಲ ಎಂದವು. ಇದು ಸಮಾಧಾನದ ವಿಷಯವೇ.

ಆದರೆ ಆ ಅನುಭವವೆಲ್ಲ ಅಸಲಿ ಔಷಧದ್ದು, ಸರಿಯಾದ ಡೋಸಿನದ್ದು. 2023ರಲ್ಲಿ ಆಸ್ಟ್ರಿಯಾದಲ್ಲಿ ನಕಲಿ ಒಜೆಂಪಿಕ್ ಚುಚ್ಚಿಕೊಂಡ ಕೆಲವರು ಸಕ್ಕರೆ ಕುಸಿದು, ಫಿಟ್ಸ್ ಬಂದು ಆಸ್ಪತ್ರೆ ಸೇರಿದರು. ಒಳಗಿದ್ದದ್ದು ಇನ್ಸುಲಿನ್ ಎಂಬ ಅನುಮಾನ. ಬ್ರೆಜಿಲ್, ಬ್ರಿಟನ್, ಅಮೆರಿಕದಲ್ಲಿ ಸಿಕ್ಕ ನಕಲಿಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಸಿತು. ಅದೇ ವರ್ಷ ಅಮೆರಿಕದಲ್ಲಿ ಬಾಟಲಿಯಿಂದ ಸಿರಿಂಜಿಗೆ ತಾವೇ ಎಳೆದುಕೊಂಡ ಕೆಲವರು ಮಿಲಿಗ್ರಾಂ, ಯೂನಿಟ್‌ಗಳ ಗೊಂದಲದಲ್ಲಿ ಐದರಿಂದ ಇಪ್ಪತ್ತು ಪಟ್ಟು ಹೆಚ್ಚು ಚುಚ್ಚಿಕೊಂಡಿದ್ದು ವರದಿಯಾಯಿತು. ಅಸಲಿಯೇ ಆದರೂ ಕಾಪಾಡಬೇಕು. ತೆರೆಯದ ಪೆನ್ನು 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಹೊರಗಿಟ್ಟರೂ 30 ಡಿಗ್ರಿ ಮೀರಬಾರದು. ಬೇಸಿಗೆಯಲ್ಲಿ 40 ದಾಟುವ ರಾಯಚೂರು, ಕಲಬುರಗಿಯಲ್ಲಿ ಕೊರಿಯರ್ ಚೀಲದಲ್ಲಿ ಬಂದ ಪೆನ್ನನ್ನು ನಂಬುವುದು ಹೇಗೆ?

ಕಾನೂನು ಇಲ್ಲವೆಂದಲ್ಲ. ಇವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ಯಾವ ಕಾಯಿಲೆಗಳಿಗೆ ಮದ್ದಿದೆ ಎಂದು ಜಾಹೀರಾತು ಕೊಡಬಾರದೆಂದು ಪಟ್ಟಿ ಮಾಡಿದೆಯೋ ಆ ಪಟ್ಟಿಯಲ್ಲಿ ಬೊಜ್ಜೂ ಇದೆ. ಆದರೂ ನಮ್ಮ ಹುಡುಗಿಯ ಕೈಗೆ ಪೆನ್ನು ಬಂತು, ಬಿಲ್ಲಿಲ್ಲದೆ, ಚೀಟಿಯಿಲ್ಲದೆ.

ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಹಾಳೆಯಲ್ಲಿ "ವಾಂತಿ, ನಿರ್ಜಲೀಕರಣ" ಎಂದಷ್ಟೇ ಇತ್ತು. ಇಂಜೆಕ್ಷನ್ ಹೆಸರು ಬರೆಸಬೇಡಿ, ಗಂಡಿನ ಕಡೆಯವರಿಗೆ ಗೊತ್ತಾದೀತು ಎಂದು ನಾವೇ ಕೇಳಿಕೊಂಡಿದ್ದೆವು. ಹಾಗಾಗಿ ಅವಳಿಗಾದದ್ದು ದೇಶದ ಯಾವ ಲೆಕ್ಕದಲ್ಲೂ ಇಲ್ಲ. ಭಾರತೀಯರಿಗೆ ಈ ಔಷಧ ಹೇಗೆ ಒಗ್ಗುತ್ತದೆ ಎಂಬುದು ಹೀಗೆ ಮುಚ್ಚಿಟ್ಟರೆ ಎಂದಿಗೂ ತಿಳಿಯುವುದಿಲ್ಲ. ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಔಷಧಗಳ ಅಡ್ಡಪರಿಣಾಮ ದಾಖಲಿಸಲು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಶುಲ್ಕರಹಿತ ಸಹಾಯವಾಣಿ ಇಟ್ಟಿದೆ. ವೈದ್ಯರೇ ಆಗಬೇಕಿಲ್ಲ, ರೋಗಿಯೂ ಮನೆಯವರೂ ಹೇಳಬಹುದು; ತುಂಬಿಕೊಡುವ ನಮೂನೆ ಕನ್ನಡದಲ್ಲೂ ಇದೆ. ನಂಬರ್ 1800-180-3024. ಪೆನ್ನಿನ ಡಬ್ಬಿಯ ಮೇಲೆ ಇಂದೇ ಬರೆದಿಡಿ.